ಹೆಂಡತಿ ಹೊಸದಾಗಿ ಅಮೆರಿಕಕ್ಕೆ ಬಂದಿದ್ದಾರೆ, ಎಸ್‌ಎಸ್‌ಎನ್ ಇಲ್ಲ: 2025ರ ಟ್ಯಾಕ್ಸ್ ಜಂಟಿಯಾಗಿ ಫೈಲ್ ಮಾಡೋದು ಹೇಗೆ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಪ್ರಸಂಗ ಹೀಗಿದೆ. ಗಂಡ ಮೂರು ವರ್ಷದಿಂದ ಎಚ್-1ಬಿ (ಕೆಲಸದ ವೀಸಾ), 2025ರ ಸಂಬಳ 1,10,000 ಡಾಲರ್. ಹೆಂಡತಿ ಎಚ್-4 (ಎಚ್-1ಬಿಯವರ ಕುಟುಂಬದವರಿಗೆ ಕೊಡುವ) ವೀಸಾದಲ್ಲಿ 2025ರ ಸೆಪ್ಟೆಂಬರ್ 1ಕ್ಕೆ ಬಂದಿಳಿದಿದ್ದಾರೆ. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಕೆಲಸ. ಜನವರಿಯಿಂದ ಆಗಸ್ಟ್‌ವರೆಗೆ 12 ಲಕ್ಷ ರೂಪಾಯಿ ಸಂಬಳ ಬಂದಿದೆ. ಅವರ ಹೆಸರಲ್ಲಿ ಎಫ್‌ಡಿ, ಪಿಪಿಎಫ್, ಸ್ವಲ್ಪ ಮ್ಯೂಚುವಲ್ ಫಂಡ್, ಸಾಗರದ ಹತ್ತಿರ ಒಂದು ಎಕರೆ ಅಡಿಕೆ ತೋಟ ಇವೆ.

ಬರೀ ಎಚ್-4ಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಕೊಡಲ್ಲ. ಟ್ಯಾಕ್ಸ್ ಸಾಫ್ಟ್‌ವೇರು ಹೆಂಡತಿಯ ನಂಬರ್ ಇಲ್ಲದೆ ಇ-ಫೈಲ್‌ಗೆ ಬಿಡಲ್ಲ. "ಈ ವರ್ಷ ಸಿಂಗಲ್ ಅಂತ ಹಾಕಿ ಮುಗಿಸಿ" ಅನ್ನುವವರೂ ಇದ್ದಾರೆ. ಸರಿಯಾದ ದಾರಿ ಯಾವುದು?

ಲೆಕ್ಕಪತ್ರ:

ಮೊದಲನೆಯದಾಗಿ, ಸಿಂಗಲ್ ಅಂತ ಹಾಕಲೇಬೇಡಿ. ಡಿಸೆಂಬರ್ 31ಕ್ಕೆ ಮದುವೆ ಆಗಿದ್ದರೆ ಆ ಇಡೀ ವರ್ಷಕ್ಕೆ ನೀವು ವಿವಾಹಿತರು. ಹೆಂಡತಿ ಇನ್ನೂ ಊರಲ್ಲೇ ಇದ್ದರೂ ಅಷ್ಟೇ, ವೀಸಾ ಬಂದಿರದಿದ್ದರೂ ಅಷ್ಟೇ. ಉಳಿಯೋದು ಎರಡೇ ದಾರಿ: ಜಂಟಿ ಅಥವಾ ವಿವಾಹಿತ-ಪ್ರತ್ಯೇಕ. ಹೆಡ್ ಆಫ್ ಹೌಸ್‌ಹೋಲ್ಡ್ (ಅವಲಂಬಿತರನ್ನು ಸಾಕುವ ಮನೆ ಯಜಮಾನ) ಅಂತ ಹಾಕೋದೂ ಆಗಲ್ಲ, ಯಾಕೆಂದರೆ ಹೆಂಡತಿ ಅದಕ್ಕೆ ಬೇಕಾದ ಅವಲಂಬಿತ ವ್ಯಕ್ತಿ ಅಲ್ಲ.

ಇನ್ನು ಹೆಂಡತಿ 2025ಕ್ಕೆ ತೆರಿಗೆ ದೃಷ್ಟಿಯಲ್ಲಿ ರೆಸಿಡೆಂಟೋ ಅಲ್ಲವೋ ನೋಡಬೇಕು. ಎಚ್-4ರಲ್ಲಿ ಇಲ್ಲಿ ಕಳೆದ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತೆ, ಬಂದಿಳಿದ ದಿನವೂ ಸೇರಿ. ಈ ವರ್ಷದ ಪೂರ್ತಿ ದಿನ, ಹಿಂದಿನ ವರ್ಷದ ಮೂರನೇ ಒಂದು ಭಾಗ, ಅದಕ್ಕೂ ಹಿಂದಿನದರ ಆರನೇ ಒಂದು ಭಾಗ ಕೂಡಿಸಿ 183 ಆಗಬೇಕು. ಮೊದಲ ಸಲ ಬರುವವರಿಗೆ ಹಳೆಯ ವರ್ಷಗಳು ಸೊನ್ನೆ. ಹಾಗಾಗಿ ಜುಲೈ 2ಕ್ಕೋ ಅದಕ್ಕೂ ಮುಂಚೆಯೋ ಬಂದು, ವರ್ಷದ ಕೊನೆಯವರೆಗೆ ಹೊರಗೆ ಹೋಗದೆ ಇದ್ದರೆ ಪಾಸು. ಜುಲೈ 3ಕ್ಕೆ ಬಂದರೆ 182 ದಿನ, ಫೇಲು. ಸೆಪ್ಟೆಂಬರ್ 1ಕ್ಕೆ ಬಂದವರಿಗೆ 122 ದಿನ ಆಗುತ್ತೆ. ಅಂದರೆ ಈ ಪ್ರಸಂಗದಲ್ಲಿ ಹೆಂಡತಿ 2025ಕ್ಕೆ ನಾನ್‌ರೆಸಿಡೆಂಟ್.

ನಾನ್‌ರೆಸಿಡೆಂಟ್ ಆದರೂ ಜಂಟಿಯಾಗಿ ಫೈಲ್ ಮಾಡಬಹುದು. ತೆರಿಗೆ ಕಾನೂನಿನ 6013 ಜಿ ಕಲಮು ಇರೋದೇ ಇದಕ್ಕೆ. ಗಂಡ-ಹೆಂಡತಿಯಲ್ಲಿ ಒಬ್ಬರು ವರ್ಷದ ಕೊನೆಗೆ ಸಿಟಿಜನ್ ಅಥವಾ ರೆಸಿಡೆಂಟ್ ಆಗಿದ್ದರೆ, ಇನ್ನೊಬ್ಬರನ್ನೂ ಇಡೀ ವರ್ಷ ರೆಸಿಡೆಂಟ್ ಅಂತಲೇ ಎಣಿಸಿ ಎಂದು ಇಬ್ಬರೂ ಸೇರಿ ಕೇಳಿಕೊಳ್ಳಬಹುದು. ಹೆಂಡತಿ ಜೂನಿಗೇ ಬಂದು 183 ದಿನ ದಾಟಿದ್ದರೆ, ಅದು ವರ್ಷದ ಮೊದಲ ಭಾಗ ನಾನ್‌ರೆಸಿಡೆಂಟ್, ಆಮೇಲೆ ರೆಸಿಡೆಂಟ್ ಅನ್ನುವ ಡ್ಯುಯಲ್ ಸ್ಟೇಟಸ್. ಅದಕ್ಕೆ 6013 ಎಚ್ ಕಲಮು. ಫಲ ಎರಡರಲ್ಲೂ ಒಂದೇ, ಪತ್ರದ ಒಕ್ಕಣೆ ಮಾತ್ರ ಬೇರೆ. ಎಚ್ ಆಯ್ಕೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತೆ. ಜಿ ಆಯ್ಕೆ ಮುಂದಿನ ವರ್ಷಗಳಿಗೂ ತಾನಾಗಿ ಮುಂದುವರಿಯುತ್ತೆ. ಒಮ್ಮೆ ಹಿಂದಕ್ಕೆ ತೆಗೆದುಕೊಂಡರೆ ಮತ್ತೆ ಸಿಗಲ್ಲ.

ಡಲ್ಲಾಸ್ ಕನ್ನಡತಿ:

ಇಷ್ಟೆಲ್ಲ ಓಡಾಟ ಮಾಡಿದರೆ ಎಷ್ಟು ಉಳಿಯುತ್ತೆ ಸರ್? ಅಂಕಿ ಕೊಟ್ಟು ಹೇಳಿದರೆ ಚೆನ್ನಾಗಿರುತ್ತೆ.

ಲೆಕ್ಕಪತ್ರ:

ಆಗಲಿ ಮೇಡಂ. 2025ರ ದರಗಳಲ್ಲೇ ನೋಡೋಣ. ಹೆಂಡತಿಯ ಸಂಬಳ ಸದ್ಯಕ್ಕೆ ಪಕ್ಕಕ್ಕಿಡಿ.

ಪ್ರತ್ಯೇಕ: 1,10,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಕಳೆದರೆ 94,250. ಮೊದಲ 11,925ಕ್ಕೆ ಶೇ 10, 48,475ರವರೆಗೆ ಶೇ 12, ಮಿಕ್ಕಿದ್ದಕ್ಕೆ ಶೇ 22. ಒಟ್ಟು ತೆರಿಗೆ ಸುಮಾರು 15,649 ಡಾಲರ್.

ಜಂಟಿ: ಡಿಡಕ್ಷನ್ 31,500. ಉಳಿಯೋದು 78,500. ಮೊದಲ 23,850ಕ್ಕೆ ಶೇ 10, ಮಿಕ್ಕಿದ್ದೆಲ್ಲ ಶೇ 12ರಲ್ಲೇ ಮುಗಿಯುತ್ತೆ, ಯಾಕೆಂದರೆ ಆ ಮಟ್ಟ 96,950ರವರೆಗೆ ಇದೆ. ತೆರಿಗೆ ಸುಮಾರು 8,943. ವ್ಯತ್ಯಾಸ 6,700 ಡಾಲರಿನಷ್ಟು.

ಈಗ ಹೆಂಡತಿಯ ಸಂಬಳ ಸೇರಿಸಿ. ಜಂಟಿ ಆಯ್ಕೆ ಮಾಡಿದರೆ ಜನವರಿ 1ರಿಂದ ಇಬ್ಬರ ಜಗತ್ತಿನಾದ್ಯಂತದ ಆದಾಯವನ್ನೂ ತೋರಿಸಬೇಕು. ಈ ಆಯ್ಕೆಗೆ ಕೊಡುವ ಬೆಲೆ ಅದೇ. ಡಾಲರಿಗೆ 86 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ 12 ಲಕ್ಷ ಅಂದರೆ ಸುಮಾರು 14,000 ಡಾಲರ್. ಸುಮ್ಮನೆ ಸೇರಿಸಿಬಿಟ್ಟರೆ ತೆರಿಗೆ 10,623ಕ್ಕೆ ಏರುತ್ತೆ. ಇದನ್ನು ಇಳಿಸಲು ಎರಡು ಉಪಾಯ ಇವೆ, ಒಂದೇ ಆದಾಯಕ್ಕೆ ಎರಡನ್ನೂ ಹಾಕುವಂತಿಲ್ಲ.

ಒಂದು, ಫಾರ್ಮ್ 1116ರಲ್ಲಿ ಭಾರತಕ್ಕೆ ಕಟ್ಟಿದ ತೆರಿಗೆಯನ್ನು ಕಳೆಯೋದು. ಈ ಉದಾಹರಣೆಯಲ್ಲಿ ಕಳೆಯಲು ಬಿಡುವ ಮಿತಿ ಹತ್ತಿರ ಹತ್ತಿರ 1,200 ಡಾಲರ್ ಬರುತ್ತೆ. ಭಾರತದಲ್ಲಿ 1,000 ಕಟ್ಟಿದ್ದರೆ ಅದೆಲ್ಲ ಸಿಗುತ್ತೆ, ತೆರಿಗೆ 9,623ಕ್ಕೆ ಇಳಿಯುತ್ತೆ.

ಇನ್ನೊಂದು, ಫಾರ್ಮ್ 2555, ವಿದೇಶದಲ್ಲಿ ದುಡಿದ ಸಂಬಳಕ್ಕೆ ವಿನಾಯಿತಿ. ಸತತ 12 ತಿಂಗಳಲ್ಲಿ 330 ಪೂರ್ತಿ ದಿನ ಅಮೆರಿಕದ ಹೊರಗೆ ಇದ್ದಿರಬೇಕು. ಆ 12 ತಿಂಗಳು ಜನವರಿಯಲ್ಲೇ ಶುರು ಆಗಬೇಕಿಲ್ಲ. 2024ರ ಸೆಪ್ಟೆಂಬರಿನಿಂದ 2025ರ ಆಗಸ್ಟ್‌ವರೆಗೆ ತೆಗೆದುಕೊಂಡರೆ ಹೆಂಡತಿ ಸುಲಭವಾಗಿ ಪಾಸು. 2025ರ ಪೂರ್ಣ ಮಿತಿ 1,30,000. ವರ್ಷದಲ್ಲಿ 243 ದಿನಕ್ಕೆ ಇಳಿಸಿದರೂ 86,500ರಷ್ಟಿದೆ, 14,000 ಪೂರ್ತಿ ಹೊರಗೆ ಹೋಗುತ್ತೆ. ಆದರೆ ತೆರಿಗೆ 8,943 ಆಗಲ್ಲ, 9,223 ಆಗುತ್ತೆ. ಬಿಟ್ಟ ಸಂಬಳ ಕೆಳಗಿನ ಶೇ 10ರ ಜಾಗವನ್ನು ಹಿಡಿದುಕೊಳ್ಳುತ್ತೆ, ಗಂಡನ ಸಂಬಳದ ಅಷ್ಟು ಪಾಲು ಶೇ 12ಕ್ಕೆ ಹೋಗುತ್ತೆ, ಅದಕ್ಕೆ. ಸಾಫ್ಟ್‌ವೇರ್ ತಪ್ಪು ತೋರಿಸುತ್ತಿದೆ ಅಂತ ಇಲ್ಲಿ ತುಂಬ ಜನ ಗಾಬರಿಯಾಗ್ತಾರೆ. ತಪ್ಪಲ್ಲ.

ಯಾವ ರೀತಿ ನೋಡಿದರೂ ಪ್ರತ್ಯೇಕಕ್ಕಿಂತ 6,000 ಡಾಲರಿನಷ್ಟು ಕಮ್ಮಿ.

ಕೆಂಪುಮಣ್ಣು:

ಸಂಬಳಕ್ಕೆ ಈ ಮಾತು ಸರಿ. ಆದರೆ ಆ ವರ್ಷ ಹೆಂಡತಿ ಊರಲ್ಲಿ ಸೈಟು ಮಾರಿದ್ದರೆ ಒಂದು ನಿಮಿಷ ನಿಲ್ಲಿ. ಬಿಡಿಎ ಸೈಟನ್ನು 20 ಲಕ್ಷಕ್ಕೆ ತಗೊಂಡು ಒಂದು ಕೋಟಿಗೆ ಮಾರಿದ್ದಾರೆ ಅಂದುಕೊಳ್ಳಿ. ಜಂಟಿ ಆಯ್ಕೆ ಮಾಡಿದರೆ ಆ 80 ಲಕ್ಷದ ಲಾಭ ಪೂರ್ತಿ ಅಮೆರಿಕದ ರಿಟರ್ನಿಗೆ ಬರುತ್ತೆ. ಇಲ್ಲಿ ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸೋದು) ಅನ್ನೋದೇ ಇಲ್ಲ, ಕೊಂಡ ಬೆಲೆ ಅಂದರೆ ಕೊಂಡ ಬೆಲೆ. ನಾನ್‌ರೆಸಿಡೆಂಟ್ ಆಗಿದ್ದಾಗ ಮಾರಿ, ಗಂಡ ಪ್ರತ್ಯೇಕವಾಗಿ ಫೈಲ್ ಮಾಡಿದರೆ ಆ ಲಾಭ ಅಮೆರಿಕಕ್ಕೆ ಸಂಬಂಧವೇ ಇಲ್ಲ. ಇಂಥ ವರ್ಷದಲ್ಲಿ ಎರಡೂ ರೀತಿ ಪೂರ್ತಿ ಲೆಕ್ಕ ಹಾಕಿಯೇ ತೀರ್ಮಾನ ಮಾಡಬೇಕು.

ಪ್ರತ್ಯೇಕಕ್ಕೆ ಹೆಂಡತಿಗೆ ನಂಬರೇ ಬೇಕಿಲ್ಲ. ಇಲ್ಲಿನ ಆದಾಯ ಇಲ್ಲದಿದ್ದರೆ ಗಂಡನ 1040ರಲ್ಲಿ (ಮುಖ್ಯ ತೆರಿಗೆ ರಿಟರ್ನಿನ ಫಾರ್ಮ್) ಅವರ ನಂಬರಿನ ಜಾಗದಲ್ಲಿ ಎನ್‌ಆರ್‌ಎ ಅಂತ ಮೂರು ಇಂಗ್ಲಿಷ್ ಅಕ್ಷರ ಬರೆದರೆ ಸಾಕು.

ಇನ್ನೊಂದು ವಿಷಯ ನೆನಪಿಡಿ. ಪ್ರತ್ಯೇಕವಾಗಿ ಫೈಲ್ ಮಾಡಿದ್ದನ್ನು ಮೂರು ವರ್ಷದೊಳಗೆ 1040-ಎಕ್ಸ್ (ತಿದ್ದುಪಡಿ ಫಾರ್ಮ್) ಹಾಕಿ ಜಂಟಿಗೆ ಬದಲಿಸಬಹುದು. ಜಂಟಿಯನ್ನು ಗಡುವು ದಾಟಿದ ಮೇಲೆ ಪ್ರತ್ಯೇಕ ಮಾಡಕ್ಕಾಗಲ್ಲ. ಅನುಮಾನ ಇದ್ದರೆ ತಿರುಗಿ ಬರಬಹುದಾದ ದಾರಿಯಲ್ಲೇ ಮೊದಲು ಹೋಗಿ.

ಹೇಮಾವತಿ ದಂಡೆ:

ಸೈಟು ಗೀಟು ಮಾರಿಲ್ಲ. ಹಾಗಾದರೆ ಜಂಟಿಯೇ. ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಮೊದಲು ತಗೊಂಡು ಆಮೇಲೆ ಫೈಲ್ ಮಾಡಬೇಕಾ?

ಮಲೆನಾಡ ಮಳೆ:

ಇಲ್ಲ ಮೇಡಂ, ಎರಡೂ ಒಂದೇ ಲಕೋಟೆಯಲ್ಲಿ ಹೋಗಬೇಕು. ಹೆಂಡತಿಗೆ ಐಟಿಐಎನ್ ಕೇಳೋ ಡಬ್ಲ್ಯೂ-7 ಅರ್ಜಿಯನ್ನು ರಿಟರ್ನ್ ಇಲ್ಲದೆ ಬರೀ ಅರ್ಜಿಯಾಗಿ ಕಳಿಸಿದರೆ ವಾಪಸ್ ಬರುತ್ತೆ. ಹಾಗಾಗಿ ಈ ವರ್ಷ ಇ-ಫೈಲ್ ಇಲ್ಲ, ಕಾಗದ. ಸಾಫ್ಟ್‌ವೇರಿನಲ್ಲಿ ಪೂರ್ತಿ ತಯಾರು ಮಾಡಿ, "ಮೇಲ್ ಮಾಡುತ್ತೇನೆ" ಅನ್ನೋದನ್ನು ಆರಿಸಿ ಪ್ರಿಂಟ್ ತೆಗೆಯಿರಿ. ಹೆಂಡತಿಯ ಎಸ್‌ಎಸ್‌ಎನ್ ಜಾಗ ಖಾಲಿ ಬಿಡಿ. ಸುಳ್ಳು ನಂಬರ್ ಹಾಕಿ ಪ್ರಿಂಟ್ ತೆಗೆದು ಅದನ್ನು ಅಳಿಸೋದನ್ನು ಮರೆತು ಕಳಿಸಿದವರ ಅರ್ಜಿಗಳು ತಿಂಗಳುಗಟ್ಟಲೆ ಸಿಕ್ಕಿಕೊಂಡಿವೆ.

ಡಬ್ಲ್ಯೂ-7ರಲ್ಲಿ ಜನ ಎಡವೋ ಜಾಗಗಳು ಇವು.

ಕಾರಣದ ಪೆಟ್ಟಿಗೆ: ಇ. ಅದು ಸಿಟಿಜನ್ ಅಥವಾ ರೆಸಿಡೆಂಟ್ ಒಬ್ಬರ ಪತಿ/ಪತ್ನಿ ಅನ್ನೋದಕ್ಕೆ. ಪಕ್ಕದಲ್ಲಿ ಗಂಡನ ಹೆಸರು, ಎಸ್‌ಎಸ್‌ಎನ್. ವೀಸಾ ಇದೆ ಅಂತ ಜಿ ಪೆಟ್ಟಿಗೆಗೆ ಗುರುತು ಹಾಕ್ತಾರೆ. ಅದು ಗಂಡನೂ ನಾನ್‌ರೆಸಿಡೆಂಟ್ ಆಗಿದ್ದಾಗ ಮಾತ್ರ.

ಸಾಲು 3, ವಿದೇಶದ ವಿಳಾಸ: ಇಲ್ಲಿಗೇ ಬಂದು ನೆಲೆಸಿ, ಊರಲ್ಲಿ ಖಾಯಂ ಮನೆ ಇಲ್ಲ ಅಂದರೆ ದೇಶದ ಹೆಸರು ಮಾತ್ರ, ಇಂಡಿಯಾ ಅಂತ. ಅಮೆರಿಕದ ವಿಳಾಸವನ್ನೇ ಅಲ್ಲೂ ಬರೆಯಬೇಡಿ.

ಸಾಲು 6ಬಿ: ಪ್ಯಾನ್ ನಂಬರ್ ಹಾಕಬಹುದು. 6ಸಿ: ವೀಸಾ ಬಗೆ, ಸಂಖ್ಯೆ, ಮುಗಿಯುವ ದಿನ. ವೀಸಾ ಸ್ಟಿಕರಿನಲ್ಲಿ ಬಲಗಡೆ ಕೆಳಗೆ ಕೆಂಪಗೆ ಅಚ್ಚಾಗಿರೋದು ವೀಸಾ ಸಂಖ್ಯೆ. ಮೇಲ್ಗಡೆಯ ಕಂಟ್ರೋಲ್ ನಂಬರ್ ಅಲ್ಲ. 6ಡಿ: ಪಾಸ್‌ಪೋರ್ಟ್, ಮತ್ತು ಅಮೆರಿಕಕ್ಕೆ ಕಾಲಿಟ್ಟ ದಿನ. ಅದು ಐ-94ರಲ್ಲಿರುವ (ಅಮೆರಿಕ ಪ್ರವೇಶದ ದಾಖಲೆ) ದಿನಕ್ಕೆ ತಾಳೆ ಆಗಲಿ.

ಹೆಸರು: ನಮ್ಮ ಕಡೆಯವರಿಗೆ ಹೆಚ್ಚು ತೊಂದರೆ ಆಗೋದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದು ಪೂರ್ತಿ ಹೆಸರು ಗಿವನ್ ನೇಮಿನಲ್ಲೇ ಇರುತ್ತೆ, ವೀಸಾದಲ್ಲಿ ಅದೇ ಹೆಸರು ಸರ್‌ನೇಮ್ ಆಗಿ ಮುಂದೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತೆ, ಗಂಡ ರಿಟರ್ನಿನಲ್ಲಿ ತನ್ನ ಸರ್‌ನೇಮ್ ಸೇರಿಸಿ ಮೂರನೇ ಒಂದು ಹೆಸರು ಬರೆದಿರ್ತಾರೆ. ಡಬ್ಲ್ಯೂ-7, 1040, ಆಯ್ಕೆಯ ಪತ್ರ, ಈ ಮೂರರಲ್ಲೂ ಒಂದೇ ಹೆಸರು ಒಂದೇ ಕಾಗುಣಿತದಲ್ಲಿ ಇರಬೇಕು, ಅದು ಪಾಸ್‌ಪೋರ್ಟನ್ನು ಅನುಸರಿಸಬೇಕು. ಮದುವೆ ಆದಮೇಲೆ ಹೆಸರು ಬದಲಿಸಿದ್ದರೂ ಪಾಸ್‌ಪೋರ್ಟ್ ಇನ್ನೂ ಹಳೆಯದೇ ಇದ್ದರೆ ಹಳೆಯ ಹೆಸರೇ. ಪಾಸ್‌ಪೋರ್ಟ್ ಹೊಸದಾದ ಮೇಲೆ ಇಲ್ಲಿ ತಿದ್ದಿಸಿಕೊಳ್ಳಬಹುದು.

ಡಲ್ಲಾಸ್ ಕನ್ನಡತಿ:

ಪಾಸ್‌ಪೋರ್ಟಿನ ಜೆರಾಕ್ಸ್ ನೋಟರಿ ಮಾಡಿಸಿ ಕಳಿಸಿದರೆ ನಡೆಯುತ್ತಾ ಅಣ್ಣ? ಅಸಲಿ ಪಾಸ್‌ಪೋರ್ಟನ್ನು ಪೋಸ್ಟಿಗೆ ಹಾಕೋಕೆ ಭಯ.

ಮಲೆನಾಡ ಮಳೆ:

ನೋಟರಿ ನಡೆಯಲ್ಲ ಅಕ್ಕ. ಅರ್ಜಿ ತಿರಸ್ಕಾರ ಆಗೋಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಅಸಲಿ ಪಾಸ್‌ಪೋರ್ಟ್ ಬೇಕು, ಇಲ್ಲ ಪಾಸ್‌ಪೋರ್ಟ್ ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು. ಅಸಲಿಯನ್ನು ಕೈಬಿಡದೆ ಮಾಡೋಕೆ ಎರಡು ದಾರಿ ಇವೆ.

ಐಆರ್‌ಎಸ್‌ನ (ಅಮೆರಿಕದ ತೆರಿಗೆ ಇಲಾಖೆ) ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್‌ಗೆ 844-545-5640ಕ್ಕೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ಎಲ್ಲ ಸೆಂಟರಿನಲ್ಲೂ ದಾಖಲೆ ಪರಿಶೀಲನೆ ಇಲ್ಲ, ಫೋನಿನಲ್ಲೇ ಕೇಳಿ. ಸಹಿ ಮಾಡಿದ ಪೂರ್ತಿ ರಿಟರ್ನು, ಡಬ್ಲ್ಯೂ-7, ಪಾಸ್‌ಪೋರ್ಟ್ ತಗೊಂಡು ಹೋದರೆ ಅಲ್ಲೇ ನೋಡಿ ಪಾಸ್‌ಪೋರ್ಟ್ ಕೈಗೆ ಕೊಡ್ತಾರೆ, ಕಾಗದಗಳನ್ನು ಅವರೇ ಮುಂದಕ್ಕೆ ಕಳಿಸ್ತಾರೆ. ಫೆಬ್ರವರಿ-ಮಾರ್ಚಿನಲ್ಲಿ ದಿನ ಸಿಗೋದು ಕಷ್ಟ, ಜನವರಿಯಲ್ಲೇ ಫೋನ್ ಮಾಡಿ.

ಇಲ್ಲವೇ ಐಆರ್‌ಎಸ್ ಮಾನ್ಯತೆ ಇರೋ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್. ಅವರು ಪಾಸ್‌ಪೋರ್ಟ್ ನೋಡಿ ಪ್ರಮಾಣಪತ್ರ ಲಗತ್ತಿಸ್ತಾರೆ. ಭಾರತದಲ್ಲೂ ಇದ್ದಾರೆ, ಹೆಂಡತಿ ಇನ್ನೂ ಅಲ್ಲೇ ಇದ್ದರೆ ಇದು ಒಳ್ಳೇ ದಾರಿ. ಬರೀ "ಅಕ್ಸೆಪ್ಟೆನ್ಸ್ ಏಜೆಂಟ್" ಆದವರಿಗೆ ದೃಢೀಕರಿಸೋ ಅಧಿಕಾರ ಇಲ್ಲ, ಆ ಮೊದಲ ಪದ ಇದೆಯಾ ನೋಡಿ.

ಪೋಸ್ಟಿಗೇ ಹಾಕೋದಾದರೆ ಪಾಸ್‌ಪೋರ್ಟನ್ನು ಬೇರೆ ಚಿಕ್ಕ ಕವರಿನಲ್ಲಿಟ್ಟು ಕ್ಲಿಪ್ ಹಾಕಿ, ಸ್ಟೇಪಲ್ ಬೇಡ. ಟ್ರ್ಯಾಕಿಂಗ್ ಇರೋ ಅಂಚೆಯಲ್ಲಿ ಕಳಿಸಿ. ವಾಪಸ್ ಬರೋಕೆ ಹಣ ಕಟ್ಟಿದ ಎಕ್ಸ್‌ಪ್ರೆಸ್ ಮೇಲ್ ಅಥವಾ ಕೊರಿಯರ್ ಕವರನ್ನೂ ಒಳಗೇ ಇಡಿ, ಅದಕ್ಕೆ ಅವಕಾಶ ಇದೆ. ಪಾಸ್‌ಪೋರ್ಟ್ ಬರೋತನಕ ಊರಿಗೆ ಹೋಗೋ ಹಾಗಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ಅದನ್ನೂ ಯೋಚಿಸಿ.

ಲಕೋಟೆಯ ಕ್ರಮ: ಎಲ್ಲಕ್ಕಿಂತ ಮೇಲೆ ಡಬ್ಲ್ಯೂ-7, ಅದರ ಹಿಂದೆ ಪಾಸ್‌ಪೋರ್ಟ್ ಅಥವಾ ಏಜೆಂಟರ ಪ್ರಮಾಣಪತ್ರ, ಆಮೇಲೆ ಡಬ್ಲ್ಯೂ-2 (ಕಂಪನಿ ಕೊಡೋ ವರ್ಷದ ಸಂಬಳದ ಚೀಟಿ) ಲಗತ್ತಿಸಿದ 1040, ಷೆಡ್ಯೂಲುಗಳು, ಕೊನೆಗೆ ಆಯ್ಕೆಯ ಪತ್ರ. ವಿಳಾಸ ಟೆಕ್ಸಾಸಿನ ಆಸ್ಟಿನ್‌ನ ಐಟಿಐಎನ್ ಆಪರೇಷನ್, ಪಿ.ಒ. ಬಾಕ್ಸ್ 149342, ಪಿನ್ 78714-9342. 1040ರ ಸೂಚನೆಯಲ್ಲಿ ನಿಮ್ಮ ರಾಜ್ಯಕ್ಕೆ ಕೊಟ್ಟಿರೋ ಮಾಮೂಲಿ ವಿಳಾಸಕ್ಕೆ ಕಳಿಸಬೇಡಿ. ಖಾಸಗಿ ಕೊರಿಯರ್ ಪಿ.ಒ. ಬಾಕ್ಸಿಗೆ ಮುಟ್ಟಿಸಲ್ಲ, ಅದಕ್ಕೆ ಬೇರೆ ಬೀದಿ ವಿಳಾಸ ಡಬ್ಲ್ಯೂ-7 ಸೂಚನೆಯಲ್ಲೇ ಇದೆ.

ರಿಫಂಡಿಗೆ ಬ್ಯಾಂಕಿನ ರೌಟಿಂಗ್ ಮತ್ತು ಖಾತೆ ಸಂಖ್ಯೆ ತಪ್ಪದೆ ಬರೆಯಿರಿ. 2025ರ ಸೆಪ್ಟೆಂಬರ್ ಕೊನೆಯಿಂದ ಸರ್ಕಾರ ಕಾಗದದ ಚೆಕ್ ನಿಲ್ಲಿಸುತ್ತಾ ಬಂದಿದೆ.

ಹೇಮಾವತಿ ದಂಡೆ:

ಆಯ್ಕೆಯ ಪತ್ರದಲ್ಲಿ ಏನು ಬರೆಯಬೇಕು? ಅದಕ್ಕೆ ಫಾರ್ಮ್ ಇದೆಯಾ?

ಲೆಕ್ಕಪತ್ರ:

ಫಾರ್ಮ್ ಇಲ್ಲ, ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಬೇಕು. ಅರ್ಧ ಪುಟ ಸಾಕು. ಮೂರು ಸಂಗತಿ ಇರಬೇಕು. 2025ರ ಡಿಸೆಂಬರ್ 31ಕ್ಕೆ ಒಬ್ಬರು ರೆಸಿಡೆಂಟ್, ಇನ್ನೊಬ್ಬರು ನಾನ್‌ರೆಸಿಡೆಂಟ್ ಆಗಿದ್ದೆವು ಎಂಬ ಘೋಷಣೆ. ಇಡೀ ವರ್ಷಕ್ಕೆ ಇಬ್ಬರನ್ನೂ ರೆಸಿಡೆಂಟ್ ಎಂದು ಎಣಿಸುವಂತೆ 6013 ಜಿ ಪ್ರಕಾರ ಆಯ್ಕೆ ಮಾಡುತ್ತಿದ್ದೇವೆ ಎಂಬ ಮಾತು. ಇಬ್ಬರ ಹೆಸರು, ವಿಳಾಸ, ನಂಬರು; ಹೆಂಡತಿಯ ನಂಬರಿನ ಕಡೆ ಡಬ್ಲ್ಯೂ-7 ಜೊತೆಗಿದೆ ಅಂತ ಬರೆಯಿರಿ. ಕೆಳಗೆ ಇಬ್ಬರ ಸಹಿ, ದಿನಾಂಕ. ಇದರ ಜೊತೆಗೆ 1040ರ ಮೊದಲ ಪುಟದಲ್ಲಿ ಫೈಲಿಂಗ್ ಸ್ಟೇಟಸ್ ಕೆಳಗೆ ಇದೇ ಆಯ್ಕೆಗೆ ಒಂದು ಚೌಕ ಇದೆ. ಗುರುತು ಹಾಕಿ ಹೆಂಡತಿಯ ಹೆಸರು ಬರೆಯಿರಿ. ಪತ್ರ ಮೊದಲ ವರ್ಷ ಮಾತ್ರ.

ಸಹಿಯ ಬಗ್ಗೆ ಮನಸ್ಸಿನಿಂದ ಒಂದು ಮಾತು. ಜಂಟಿ ರಿಟರ್ನಿಗೆ ಸಹಿ ಹಾಕಿದ ಮೇಲೆ ಪೂರ್ತಿ ತೆರಿಗೆಗೆ, ದಂಡಕ್ಕೆ ಇಬ್ಬರೂ ಹೊಣೆ. ಒಬ್ಬರಿಂದ ಬರದಿದ್ದರೆ ಇನ್ನೊಬ್ಬರಿಂದ ವಸೂಲಿ ಮಾಡಬಹುದು. ಬಂದು ನಾಲ್ಕು ತಿಂಗಳಾದ ಹೆಂಡತಿಗೆ ಸಹಿ ಹಾಕೋ ಗೆರೆ ಮಾತ್ರ ತೋರಿಸಿ ಪೆನ್ನು ಕೊಡಬೇಡಿ. ಪಕ್ಕದಲ್ಲಿ ಕೂತು ಒಂದೊಂದು ಪುಟ ಏನು ಅಂತ ಹೇಳಿ. ಊರಿನ ಯಾವ ಖಾತೆ ಎಲ್ಲಿದೆ ಅಂತ ಗೊತ್ತಿರೋದು ಅವರಿಗೇ, ಹಾಗಾಗಿ ಲೆಕ್ಕವೂ ಸರಿಯಾಗುತ್ತೆ.

ಕೆಂಪುಮಣ್ಣು:

ಊರಿನ ಲೆಕ್ಕಕ್ಕೆ ಬರೋಣ, ಕೆಲಸ ಹೆಚ್ಚಿರೋದು ಇಲ್ಲೇ.

ನಮ್ಮದು ಏಪ್ರಿಲ್-ಮಾರ್ಚ್, ಇವರದು ಜನವರಿ-ಡಿಸೆಂಬರ್. ಫಾರ್ಮ್ 16 ನೇರವಾಗಿ ಉಪಯೋಗಕ್ಕೆ ಬರಲ್ಲ. ಸಂಬಳದ ತಿಂಗಳ ಚೀಟಿಗಳನ್ನು ಜನವರಿಯಿಂದ ಕೂಡಿಸಿ. ಟಿಡಿಎಸ್‌ಗೆ 26ಎಎಸ್‌ನಲ್ಲಿ (ಭಾರತದ ತೆರಿಗೆ ಇಲಾಖೆಯ ತೆರಿಗೆ ಕಡಿತದ ಪಟ್ಟಿ) 2024-25ರ ನಾಲ್ಕನೇ ತ್ರೈಮಾಸಿಕ ಮತ್ತು 2025-26ರ ಮೊದಲ ಮೂರು ತ್ರೈಮಾಸಿಕ ತೆಗೆದುಕೊಳ್ಳಿ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರವೂ ಆರ್ಥಿಕ ವರ್ಷದ್ದೇ ಇರುತ್ತೆ. ನೆಟ್‌ಬ್ಯಾಂಕಿಂಗಿನಲ್ಲಿ ತಾರೀಖು ಕೊಟ್ಟು ಜನವರಿ-ಡಿಸೆಂಬರ್ ಸ್ಟೇಟ್‌ಮೆಂಟ್ ತೆಗೆಯಿರಿ. ರೂಪಾಯಿಯಿಂದ ಡಾಲರಿಗೆ ಐಆರ್‌ಎಸ್ ಪ್ರಕಟಿಸೋ ವಾರ್ಷಿಕ ಸರಾಸರಿ ದರ ಹಾಕಿ, ಎಲ್ಲ ಸಾಲಿಗೂ ಅದೇ ದರ.

ಎಫ್‌ಡಿ: ಬಡ್ಡಿ ಕೈಗೆ ಬರದೆ ಖಾತೆಯಲ್ಲೇ ಕೂಡ್ತಾ ಇದ್ದರೂ ಆ ವರ್ಷದ್ದು ಆ ವರ್ಷವೇ ತೋರಿಸಬೇಕು.

ಪಿಪಿಎಫ್: ಭಾರತದಲ್ಲಿ ಬಡ್ಡಿ ತೆರಿಗೆಮುಕ್ತ, ಇಲ್ಲಿ ಆ ವಿನಾಯಿತಿ ಇಲ್ಲ. ಷೆಡ್ಯೂಲ್ ಬಿಗೆ (ಬಡ್ಡಿ-ಡಿವಿಡೆಂಡ್ ತೋರಿಸೋ ಪುಟ) ಸೇರಿಸಿ.

ಅಡಿಕೆ ತೋಟ: ಕೃಷಿ ಆದಾಯಕ್ಕೆ ಊರಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಇಲ್ಲೂ ಬಿಟ್ಟುಬಿಡ್ತಾರೆ. ಪಹಣಿ ಹೆಂಡತಿಯ ಹೆಸರಲ್ಲಿದ್ದು ಹಣ ಅವರ ಖಾತೆಗೆ ಬಂದರೆ ತೋರಿಸಲೇಬೇಕು. ಸೊಸೈಟಿಗೆ ಅಡಿಕೆ ಹಾಕಿದ ಮಾರಾಟದ ಚೀಟಿಗಳಿಂದ ಆದಾಯ. ಕೊಯ್ಲು-ಸುಲಿಯೋ ಕೂಲಿ, ಗೊಬ್ಬರ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ-ಸುಣ್ಣ, ಇವೆಲ್ಲ ಖರ್ಚು. ಮನೆಯವರು ಚೀಟಿ ಬಿಸಾಡದಂತೆ ಈಗಲೇ ಹೇಳಿಡಿ, ಫೋಟೋ ತೆಗೆದು ಕಳಿಸಿದರೂ ಸಾಕು. ಇದಕ್ಕೆ ಭಾರತದಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ 1116ರಲ್ಲಿ ಕಳೆಯಲು ಏನೂ ಇರಲ್ಲ.

ಮ್ಯೂಚುವಲ್ ಫಂಡ್: ಅಮೆರಿಕದ ಕಣ್ಣಲ್ಲಿ ಇವು ಪಿಎಫ್‌ಐಸಿ, ಅಂದರೆ ಬರೀ ಹೂಡಿಕೆಯಿಂದ ಆದಾಯ ಬರೋ ವಿದೇಶಿ ಕಂಪನಿ. ಫಾರ್ಮ್ 8621, ಫಂಡಿಗೊಂದು. ಜಂಟಿಯಲ್ಲಿ ವರ್ಷದ ಕೊನೆಗೆ ಎಲ್ಲ ಪಿಎಫ್‌ಐಸಿಗಳ ಒಟ್ಟು ಬೆಲೆ 50,000 ಡಾಲರ್ ಒಳಗಿದ್ದು, ಆ ವರ್ಷ ಏನೂ ಮಾರದೆ, ದೊಡ್ಡ ಡಿವಿಡೆಂಡ್ ಬಾರದೆ ಇದ್ದರೆ ಆ ವಾರ್ಷಿಕ ಫಾರ್ಮಿನಿಂದ ಬಿಡುಗಡೆ. ಮಾರಿದ ವರ್ಷದ ಲೆಕ್ಕ ತುಂಬ ಕಠಿಣ: ಲಾಭವನ್ನು ಇಟ್ಟುಕೊಂಡ ಅಷ್ಟೂ ದಿನಕ್ಕೆ ಹರಡಿ, ಹಿಂದಿನ ವರ್ಷಗಳ ಪಾಲಿಗೆ ಗರಿಷ್ಠ ದರ, ಮೇಲೆ ಬಡ್ಡಿ. ಹೆಂಡತಿ ವಿಮಾನ ಹತ್ತುವ ಮುಂಚಿನ ವರ್ಷದಲ್ಲೇ ಮಾರಿಬಿಟ್ಟಿದ್ದರೆ ಈ ಗೋಜೇ ಇರ್ತಿರಲಿಲ್ಲ. ಮದುವೆ ಮಾತುಕತೆ ನಡೀತಿರೋರು ಯಾರಾದರೂ ಇದನ್ನು ಓದ್ತಾ ಇದ್ದರೆ ಈಗಲೇ ನೋಡಿಕೊಳ್ಳಿ. ಬಿಡಿ ಕಂಪನಿಗಳ ಷೇರಿಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ.

ಟಿಡಿಎಸ್ ಬಗ್ಗೆ: ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಭಾರತದಲ್ಲಿ ಇಡೋ ರೂಪಾಯಿ ಖಾತೆ) ಬಡ್ಡಿಗೆ ಬ್ಯಾಂಕು ಶೇ 30 ಮತ್ತು ಸೆಸ್ ಸೇರಿ ಶೇ 31.2 ಹಿಡಿಯುತ್ತೆ. ಎರಡು ದೇಶಗಳ ಒಪ್ಪಂದದಲ್ಲಿ ಬಡ್ಡಿಗೆ ಶೇ 15 ಮಿತಿ ಇದೆ. ಮೇಲಿನದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು, ಅದನ್ನೂ ಅಮೆರಿಕದಲ್ಲಿ ಕಳೆಯುತ್ತೇನೆ ಅಂದರೆ ಒಪ್ಪಲ್ಲ.

ಡಲ್ಲಾಸ್ ಕನ್ನಡತಿ:

ಎಫ್‌ಬಿಎಆರ್ (ವಿದೇಶಿ ಬ್ಯಾಂಕ್ ಖಾತೆಗಳ ವರದಿ) ಹೆಂಡತಿಗೂ ಬೇಕಾ? ಕೆಲವರು ಬೇಕೇ ಬೇಕು ಅಂತಾರೆ.

ಲೆಕ್ಕಪತ್ರ:

ಎಫ್‌ಬಿಎಆರ್, ಅಂದರೆ ಫಿನ್‌ಸೆನ್ 114, ತೆರಿಗೆ ರಿಟರ್ನಿನ ಭಾಗ ಅಲ್ಲ. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಹಾಕಬೇಕು. ಇಲ್ಲಿ ರೆಸಿಡೆಂಟ್ ಯಾರು ಅನ್ನೋದನ್ನು ದಿನಗಳ ಪರೀಕ್ಷೆಯಿಂದ ನೋಡ್ತಾರೆ, 6013ರ ಆಯ್ಕೆಯನ್ನು ಗಣನೆಗೆ ತಗೊಳ್ಳಲ್ಲ. ಹಾಗಾಗಿ 122 ದಿನದ ಹೆಂಡತಿಗೆ 2025ಕ್ಕೆ ಅದು ಬೇಕಿಲ್ಲ. ಗಂಡನಿಗೆ ಬೇಕು, ಹೆಂಡತಿಯ ಜೊತೆ ಅಥವಾ ಅಪ್ಪ-ಅಮ್ಮನ ಜೊತೆ ಜಂಟಿ ಖಾತೆ ಇದ್ದರೆ ಅದರ ಪೂರ್ತಿ ಮೊತ್ತವೂ ಅವರ ಲೆಕ್ಕಕ್ಕೆ ಬರುತ್ತೆ. 2026ರಿಂದ ಹೆಂಡತಿಗೂ ಬೇಕು. ಪಿಪಿಎಫ್, ಡಿಮ್ಯಾಟ್, ಸರೆಂಡರ್ ಬೆಲೆ ಇರುವ ಎಲ್‌ಐಸಿ ಪಾಲಿಸಿ ಸೇರುತ್ತವೆ. ಲಾಕರಿನ ಚಿನ್ನ, ಜಮೀನು ಸೇರಲ್ಲ.

ಫಾರ್ಮ್ 8938 (ವಿದೇಶಿ ಹಣಕಾಸು ಆಸ್ತಿಗಳ ವಿವರ) ಬೇರೆ. ಅದು ರಿಟರ್ನಿನ ಭಾಗ, ಅಲ್ಲಿ ಆಯ್ಕೆ ಮಾಡಿದ ಹೆಂಡತಿಯ ಆಸ್ತಿಯೂ ಸೇರುತ್ತೆ. ಜಂಟಿಯಾಗಿ ಫೈಲ್ ಮಾಡಿ ಇಲ್ಲೇ ವಾಸಿಸುವವರಿಗೆ ವರ್ಷದ ಕೊನೆಯ ದಿನ 1,00,000 ಡಾಲರ್ ಅಥವಾ ಯಾವುದೇ ದಿನ 1,50,000 ದಾಟಿದರೆ ಬೇಕು. ಈ ಎರಡನ್ನು ಒಂದೇ ಅಂದುಕೊಳ್ಳೋದರಿಂದಲೇ ಇಷ್ಟು ಗೊಂದಲ.

ಅಕ್ಟೋಬರ್ ಒಂದು:

ಗಂಡನೇ ಎಫ್-1 ಒಪಿಟಿಯಿಂದ (ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿ ಕೆಲಸ ಮಾಡೋ ಅವಕಾಶ) 2025ರ ಅಕ್ಟೋಬರ್ 1ಕ್ಕೆ ಎಚ್-1ಬಿ ಆಗಿದ್ದರೆ ಸರ್? ವಿದ್ಯಾರ್ಥಿ ವೀಸಾದ ದಿನಗಳನ್ನು 183ರ ಲೆಕ್ಕಕ್ಕೆ ಹಿಡಿಯದ ಐದು ವರ್ಷದ ವಿನಾಯಿತಿಯೊಳಗೆ ಇದ್ದಾರೆ ಅಂದುಕೊಳ್ಳಿ.

ಲೆಕ್ಕಪತ್ರ:

ಆಗ ಗಂಡನೂ ನಾನ್‌ರೆಸಿಡೆಂಟ್. ಅಕ್ಟೋಬರ್ 1ರಿಂದ ಡಿಸೆಂಬರ್ 31ಕ್ಕೆ 92 ದಿನ ಮಾತ್ರ. ಇಬ್ಬರೂ ನಾನ್‌ರೆಸಿಡೆಂಟ್ ಆದರೆ ಜಂಟಿ ಇಲ್ಲ. ಆದರೆ ಮೊದಲ ವರ್ಷದ ಆಯ್ಕೆ ಅಂತ ಒಂದಿದೆ. ವರ್ಷದಲ್ಲಿ ಸತತ 31 ದಿನ ಇಲ್ಲಿದ್ದು, ಆ 31 ಶುರುವಾದ ದಿನದಿಂದ ವರ್ಷದ ಕೊನೆಯವರೆಗೆ ಶೇ 75ರಷ್ಟು ದಿನ ಇಲ್ಲೇ ಇದ್ದಿರಬೇಕು. 92ರಲ್ಲಿ 69 ದಿನ. ಹೊರಗಿದ್ದ 5 ದಿನದವರೆಗೆ ಇದ್ದಂತೆಯೇ ಎಣಿಸ್ತಾರೆ. ಡಿಸೆಂಬರಿನಲ್ಲಿ ಮದುವೆಗೆ ಅಂತ ಐದು ವಾರ ಊರಿಗೆ ಹೋಗಿದ್ದರೆ 57, ಐದು ಸೇರಿಸಿ 62. ಸಿಗಲ್ಲ. ಮೂರು ವಾರ ಹೋಗಿದ್ದರೆ ಸಿಗುತ್ತೆ.

ಇನ್ನೊಂದು ಷರತ್ತು, ಮುಂದಿನ ವರ್ಷ 183ರ ಪರೀಕ್ಷೆ ಪಾಸಾದ ಮೇಲೆಯೇ ಈ ರಿಟರ್ನ್ ಹಾಕಬೇಕು. 92ರ ಮೂರನೇ ಒಂದು ಭಾಗ 30ರ ಮೇಲೆ, ಉಳಿದ 153 ದಿನ 2026ರಲ್ಲಿ ಆಗಬೇಕು. ಹೊರಗೆ ಹೋಗದಿದ್ದರೆ ಅದು ಜೂನ್ 2. ಅಂದರೆ ಏಪ್ರಿಲ್ 15ರೊಳಗೆ ಫಾರ್ಮ್ 4868 ಹಾಕಿ ಅಕ್ಟೋಬರ್ 15ರವರೆಗೆ ಕಾಲಾವಕಾಶ ತಗೊಳ್ಳಿ. ಕಾಗದದಲ್ಲಿ ಹಾಕಿದರೆ ಹೆಂಡತಿಯ ನಂಬರಿನ ಜಾಗದಲ್ಲಿ ಐಟಿಐಎನ್ ಕೇಳಲಿದ್ದೇವೆ ಅಂತ ಇಂಗ್ಲಿಷಿನಲ್ಲಿ ಬರೆಯೋ ಪದ್ಧತಿ ಆ ಫಾರ್ಮಿನ ಸೂಚನೆಯಲ್ಲೇ ಇದೆ. ಅವಕಾಶ ಸಿಗೋದು ಕಾಗದಕ್ಕೆ, ಹಣಕ್ಕಲ್ಲ. ಬಾಕಿ ಇದ್ದರೆ ಏಪ್ರಿಲ್ 15ಕ್ಕೇ ಕಟ್ಟಿ. ಗಂಡ ಹೀಗೆ ವರ್ಷದ ಕೊನೆಗೆ ರೆಸಿಡೆಂಟ್ ಆದಮೇಲೆ ಹೆಂಡತಿಯ ಜೊತೆ ಜಂಟಿ ಆಯ್ಕೆ ಮಾಡಬಹುದು, ಆಕೆ ನವೆಂಬರಿನಲ್ಲಿ ಬಂದಿದ್ದರೂ ಸರಿ. ಎರಡು ಆಯ್ಕೆ, ಎರಡು ಪತ್ರ.

ಹೋಲಿಸಿ ನೋಡಲು ಮರೆಯಬೇಡಿ: ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಒಪ್ಪಂದದ 21ನೇ ವಿಧಿಯಿಂದ 1040-ಎನ್‌ಆರ್‌ನಲ್ಲೂ (ನಾನ್‌ರೆಸಿಡೆಂಟ್‌ಗಳ ರಿಟರ್ನ್) ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ. ಸಂಬಳ ಕಮ್ಮಿ ಇದ್ದ ವರ್ಷ ವ್ಯತ್ಯಾಸ ಚಿಕ್ಕದಿದ್ದರೆ ಅದೇ ನೆಮ್ಮದಿ.

ಡಲ್ಲಾಸ್ ಕನ್ನಡತಿ:

ಮಗು ಜೊತೆಗೆ ಬಂದಿದ್ದರೆ?

ಮಲೆನಾಡ ಮಳೆ:

ಎಚ್-4 ಮಗುವಿಗೂ ಡಬ್ಲ್ಯೂ-7, ಪೆಟ್ಟಿಗೆ ಡಿ. ಆದರೆ 6013ರ ಆಯ್ಕೆ ಹೆಂಡತಿಗೆ ಮಾತ್ರ, ಮಗುವಿಗೆ ಅಂಟಲ್ಲ. ಮಗು ತಾನೇ ದಿನಗಳ ಪರೀಕ್ಷೆ ಪಾಸಾಗಬೇಕು, ಸೆಪ್ಟೆಂಬರಿನಲ್ಲಿ ಬಂದ ಮಗುವನ್ನು 2025ಕ್ಕೆ ತೋರಿಸೋಕಾಗಲ್ಲ. ಮುಂದಿನ ವರ್ಷ ತೋರಿಸಿದಾಗ ಐಟಿಐಎನ್ ಮಗುವಿಗೆ 500 ಡಾಲರಿನ ಕ್ರೆಡಿಟ್. ದೊಡ್ಡ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ಗೆ ಮಗುವಿಗೆ ಎಸ್‌ಎಸ್‌ಎನ್ ಇರಬೇಕು. ಪಾಸ್‌ಪೋರ್ಟಿನಲ್ಲಿ ಪ್ರವೇಶದ ದಿನ ಇಲ್ಲದಿದ್ದರೆ ಮಗುವಿಗೆ ಅದೊಂದೇ ಸಾಲಲ್ಲ, ಆರು ವರ್ಷದೊಳಗಿನವರಿಗೆ ಇಲ್ಲಿನ ಡಾಕ್ಟರ ದಾಖಲೆ, ದೊಡ್ಡವರಿಗೆ ಶಾಲೆಯ ದಾಖಲೆ ಸೇರಿಸಿ.

ಹೇಮಾವತಿ ದಂಡೆ:

ತುಂಬ ಉಪಕಾರವಾಯ್ತು. ಕಳಿಸಿದ ಮೇಲೆ ಎಷ್ಟು ದಿನ? ನಾಳೆ ಹೆಂಡತಿಗೆ ಇಎಡಿ (ಕೆಲಸ ಮಾಡಲು ಅನುಮತಿ ಪತ್ರ) ಸಿಕ್ಕಿ ಎಸ್‌ಎಸ್‌ಎನ್ ಬಂದರೆ ಈ ನಂಬರ್ ಏನಾಗುತ್ತೆ?

ಮಲೆನಾಡ ಮಳೆ:

ಐಆರ್‌ಎಸ್ ಹೇಳೋದು 7 ವಾರ. ಜನವರಿ 15ರಿಂದ ಏಪ್ರಿಲ್ 30ರ ನಡುವೆ ಕಳಿಸಿದರೆ 9ರಿಂದ 11 ವಾರ. ಒಪ್ಪಿದರೆ ಸಿಪಿ565 ಪತ್ರದಲ್ಲಿ 9ರಿಂದ ಶುರುವಾಗೋ ನಂಬರ್ ಬರುತ್ತೆ. ರಿಟರ್ನಿನ ಕೆಲಸ ಅದಾದಮೇಲೆ ಶುರು, ರಿಫಂಡ್ ಇನ್ನೂ ಆಮೇಲೆ. ಸಿಪಿ566 ಬಂದರೆ ಏನೋ ಕಮ್ಮಿ ಇದೆ ಅಂತ, 45 ದಿನದೊಳಗೆ ಉತ್ತರಿಸಿ. ಸಿಪಿ567 ಅಂದರೆ ತಿರಸ್ಕಾರ. ಅದನ್ನು ಹಾಗೇ ಬಿಟ್ಟರೆ ಹೆಂಡತಿಯನ್ನು ಬಿಟ್ಟು ರಿಟರ್ನ್ ಲೆಕ್ಕ ಹಾಕಿ ಬಾಕಿ ಕಟ್ಟಿ ಅಂತ ಕಾಗದ ಬರಬಹುದು, ಕಾರಣ ಓದಿ ಸರಿಮಾಡಿ ಮತ್ತೆ ಡಬ್ಲ್ಯೂ-7 ಕಳಿಸಿ. ಮನೆ ಬದಲಿಸ್ತೀರಿ ಅಂದರೆ ಫಾರ್ಮ್ 8822 ಹಾಕಿ ಹೊಸ ವಿಳಾಸ ತಿಳಿಸಿ.

ಮುಂದಿನ ವರ್ಷದಿಂದ ಮಾಮೂಲಿ ಇ-ಫೈಲ್. ಸತತ ಮೂರು ವರ್ಷ ಯಾವ ರಿಟರ್ನಿನಲ್ಲೂ ಬಳಸದಿದ್ದರೆ ಐಟಿಐಎನ್ ಸತ್ತುಹೋಗುತ್ತೆ.

ಎಸ್‌ಎಸ್‌ಎನ್ ಬಂದ ದಿನದಿಂದ ಐಟಿಐಎನ್ ಬಳಸಬೇಡಿ. ಪೂರ್ತಿ ಹೆಸರು, ವಿಳಾಸ, ಎರಡೂ ನಂಬರು ಬರೆದು, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಪ್ರತಿ, ಸಿಪಿ565ರ ಪ್ರತಿ ಇಟ್ಟು ಎರಡು ದಾಖಲೆ ಒಂದುಗೂಡಿಸಿ ಅಂತ ಐಆರ್‌ಎಸ್‌ನ ಆಸ್ಟಿನ್ ಕಚೇರಿಗೆ, ಪಿನ್ 73301-0057, ಒಂದು ಪತ್ರ ಹಾಕಿ. ಬ್ಯಾಂಕಿಗೂ ಹೊಸ ನಂಬರ್ ಕೊಡಿ. ಆ ಸಿಪಿ565 ಕಾಗದವನ್ನು ಮದುವೆ ಸರ್ಟಿಫಿಕೇಟ್ ಇಡೋ ಫೈಲಿನಲ್ಲೇ ಈಗಿಂದಲೇ ಇಟ್ಟುಕೊಳ್ಳಿ ಮೇಡಂ.